ಸೋಮವಾರದ ಉಸಿರು

ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡ ಮೇಲೆ ಎಂಥ ದೊಡ್ಡ ಮನುಷ್ಯನ ಮುಖದಲ್ಲೂ ಗಾಂಭೀರ್ಯ ಉಳಿಯುವುದಿಲ್ಲ ಎಂಬುದು ಅವನಿಗೆ ಬೇರೆಯವರನ್ನು ನೋಡಿ ನೋಡಿಯೇ ಗೊತ್ತಿತ್ತು. ಆದರೂ ಇಷ್ಟು ವರ್ಷ ಸೋಮವಾರ ಬೆಳಿಗ್ಗೆ ತಾನೇ ಆ ಕ್ಲಿಪ್ಪು ಹಾಕಿಕೊಂಡು ಯಂತ್ರದ ಮುಂದೆ ಕೂರುವಾಗ ಬಾಗಿಲು ತೆರೆದೇ ಇರುತ್ತಿತ್ತು. ನೆಲ ಒರೆಸುವ ಹೆಂಗಸು ಒಳಗೆ ಬಂದು, ಅವನ ಕಾಲ ಸುತ್ತ ಒರೆಸಿ, "ಏನು ನಾರ್ಮಲ್ ಸಾರ್, ಇವತ್ತೂ ನಾರ್ಮಲ್ಲಾ?" ಎಂದು ಕೇಳಿ ಹೋಗುತ್ತಿದ್ದಳು, ಬಾಯಲ್ಲಿ ಕೊಳವೆ ಕಚ್ಚಿಕೊಂಡಿದ್ದ ಅವನು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಈಚೆಗೆ ಅವನು ಚಿಲಕ ಹಾಕಿಕೊಳ್ಳುತ್ತಿದ್ದ. ಹಾಕಿದ ಮೇಲೆ ಒಮ್ಮೆ ಎಳೆದೂ ನೋಡುತ್ತಿದ್ದ. ಚಿಲಕ ಹಾಕಿಕೊಂಡು ಮಾಡುವ ಕೆಲಸ ಯಾವುದೂ ಒಳ್ಳೆಯದಲ್ಲ ಎಂದು ತನ್ನಷ್ಟಕ್ಕೇ ಅಂದುಕೊಂಡು, ಹಾಗಾದರೆ ಸ್ನಾನ? ಎಂದು ತಾನೇ ವಾದ ಹೂಡಿ, ಆ ವಾದದಲ್ಲಿ ಗೆದ್ದರೂ ಈ ಸೋಮವಾರವೂ ಮುಖ ಬಿಸಿಯಾಗಿ ಕೂತಿದ್ದ.

ಆಸ್ಪತ್ರೆಯಲ್ಲಿ ಉಸಿರು ಪರೀಕ್ಷೆ ಮಾಡುವ ಕೋಣೆ ಅದು. ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ತಿಳಿಯಬೇಕಾದರೆ ವಾರಕ್ಕೊಮ್ಮೆ ಒಬ್ಬ ಆರೋಗ್ಯವಂತ ಮನುಷ್ಯ ಅದರೊಳಗೆ ಉಸಿರಾಡಬೇಕು. ಅವನ ಅಂಕಿ ಎಂದಿನಂತೆ ಬಂದರೆ ಯಂತ್ರ ಸರಿ. ಬರದಿದ್ದರೆ ಯಂತ್ರವನ್ನು ಬಿಚ್ಚಿ ನೋಡಬೇಕು. ಆ ಆರೋಗ್ಯವಂತ ಮನುಷ್ಯ, ಈ ಕೋಣೆಯ ಟೆಕ್ನಿಶಿಯನ್ ಆದ ಇವನೇ. ನಾರ್ಮಲ್ ಎಂಬ ಹೆಸರು ಅಂಟಿಕೊಂಡದ್ದು ಹಾಗೆ. ಹೊಸದಾಗಿ ಸೇರಿದ ನರ್ಸುಗಳಿಗೆ ಅವನಿಗೆ ಬೇರೆ ಹೆಸರಿದೆ ಎಂಬುದೇ ತಿಳಿದಿರಲಿಲ್ಲ. ಫೋನೆತ್ತಿದರೆ ಅವನೂ "ನಾರ್ಮಲ್ ಮಾತಾಡ್ತಿದೀನಿ" ಎನ್ನುತ್ತಿದ್ದ. ನೋಡುವುದಕ್ಕೆ ಸಣಕಲು, ಓದಿನಲ್ಲಿ ಅಷ್ಟಕ್ಕಷ್ಟೆ, ನಾಲ್ಕು ಜನ ಸೇರಿದ ಕಡೆ ಬಾಯಿ ಬಿಡದವನು. "ಆದ್ರೆ ನಿಮ್ಮ ಶ್ವಾಸಕೋಶ ಇದೆಯಲ್ಲ, ಪುಸ್ತಕದಲ್ಲಿ ಬರೆದ ಹಾಗಿದೆ" ಎಂದು ಮುಖ್ಯಸ್ಥೆ ಡಾಕ್ಟರಮ್ಮ ಒಮ್ಮೆ ಹೇಳಿದ್ದನ್ನು ಜೋಪಾನವಾಗಿ ಮನೆಗೆ ಒಯ್ದು ಹೆಂಡತಿಗೆ ಹೇಳಿದ್ದ. ಅವಳು ಬಟ್ಟೆ ಮಡಿಸುತ್ತ, "ಸದ್ಯ, ಏನೋ ಒಂದಾದ್ರೂ" ಎಂದಿದ್ದಳು.

ಬರುವ ರೋಗಿಗಳಿಗೆಲ್ಲ ಅವನು ಒಂದೇ ಪಾಠ ಹೇಳುತ್ತಿದ್ದ. ಎಳೆದುಕೊಂಡ ಗಾಳಿಯೆಲ್ಲ ಎದೆಯ ತಳ ಮುಟ್ಟುವುದಿಲ್ಲ. ಕಡೆಯಲ್ಲಿ ಒಳಬಂದದ್ದು, ಸುಮಾರು ಒಂದು ಸಣ್ಣ ಟೀ ಲೋಟದಷ್ಟು, ಬಾಯಿ ಗಂಟಲು ಕೊಳವೆಗಳಲ್ಲೇ ನಿಂತು, ರಕ್ತದ ಮುಖವನ್ನೂ ನೋಡದೆ ಬಂದ ದಾರಿಯಲ್ಲೇ ವಾಪಸಾಗುತ್ತದೆ. ಡೆಡ್ ಸ್ಪೇಸ್ ಎನ್ನುತ್ತಾರೆ, ಎಲ್ಲರಿಗೂ ಇರುವುದೇ. ನಿಧಾನವಾಗಿ ಆಳವಾಗಿ ಆಡಿದರೆ ಆ ಒಂದು ಲೋಟದ ನಷ್ಟ ಲೆಕ್ಕಕ್ಕೆ ಬರುವುದಿಲ್ಲ; ಗಾಬರಿಯಲ್ಲಿ ಮೇಲುಮೇಲೆ ಆಡಿದರೆ ಎಳೆದದ್ದಷ್ಟೂ ಆ ಲೋಟದಲ್ಲೇ ಮುಗಿಯುತ್ತದೆ. "ದಿನವಿಡೀ ಉಸಿರಾಡಿದ ಹಾಗೇ ಇರುತ್ತೆ, ಒಳಗೆ ಏನೂ ಹೋಗಿರಲ್ಲ" ಎಂದು ಕೈ ಮೇಲೆ ಕೆಳಗೆ ಆಡಿಸಿ ತೋರಿಸುತ್ತಿದ್ದ. ರೋಗಿಗಳು ಹೌದು ಹೌದು ಎಂದು ತಲೆ ಆಡಿಸಿ ಮತ್ತೆ ಮೇಲುಮೇಲೆಯೇ ಆಡುತ್ತಿದ್ದರು. ಅಂಥ ಪಾಠ ಹೇಳುವವನ ಲೋಟವೇ, ಮೂರು ವಾರದ ಹಿಂದಿನ ಸೋಮವಾರ, ಇದ್ದಕ್ಕಿದ್ದಂತೆ ದೊಡ್ಡದಾಗಿತ್ತು. ಫಿಲ್ಟರುಗಳ ಹೊಸ ಡಬ್ಬ ಒಡೆದು, ಕೊಳವೆಯ ಬಾಯಿಗೆ ನೀಲಿ ಫಿಲ್ಟರು ಸಿಕ್ಕಿಸಿ, ಕೂತು, ಎಂದಿನಂತೆ ಆಡಿದ. ಪರದೆಯ ಮೇಲೆ ಎಂದಿನ ಅಂಕಿ ಇರಲಿಲ್ಲ. ಮತ್ತೆ ಆಡಿದ. ನೀರು ಕುಡಿದು ಬಂದು ಮತ್ತೆ ಆಡಿದ. ಬದಲಾಗಲಿಲ್ಲ. ಯಂತ್ರವನ್ನು ಬಿಚ್ಚಿ ನೋಡೋಣ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ ಅವನಿಗೆ. ಬಸ್ಸಿನಲ್ಲಿ ಯಾರಾದರೂ ಪರ್ಸು ಹೋಯಿತೆಂದು ಕೂಗಿಕೊಂಡರೆ ಅದು ತನ್ನ ಜೇಬಿನಲ್ಲಿದೆಯೇನೋ ಎಂದು ಮುಟ್ಟಿ ನೋಡಿಕೊಳ್ಳುವ ಜಾತಿಯವನು. ಅನ್ನಿಸಿದ್ದು ಒಂದೇ: ಬಂತು. ಅಪ್ಪನದು ನನಗೂ ಬಂತು.

ಅಪ್ಪನ ಎದೆ ಸಿಳ್ಳೆ ಹಾಕುತ್ತಿತ್ತು. ಹೆಜ್ಜೆ ಹಾಕಿದರೆ ಸಿಳ್ಳೆ, ಕೂತರೆ ಸಿಳ್ಳೆ, ನಕ್ಕರೆ ಮಾತ್ರ ಕೆಮ್ಮು. ಒಮ್ಮೆ ಚಿತ್ರಮಂದಿರಕ್ಕೆ ಕರೆದುಕೊಂಡು ಹೋಗಿದ್ದರು, ಇಬ್ಬರೇ. ಪರದೆಯ ಮೇಲೆ ಯಾರೋ ಸಾಯುತ್ತಿದ್ದರು, ಇಡೀ ಹಾಲು ಮೌನವಾಗಿತ್ತು, ಆ ಮೌನದಲ್ಲಿ ಅಪ್ಪನ ಸಿಳ್ಳೆ ಎದ್ದಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವರ ಪಕ್ಕದವರು ನೋಡಿದರು. ಆಗ ಅವನೂ ತಿರುಗಿ ಅಪ್ಪನನ್ನು ನೋಡಿದ್ದ, ಅವರೆಲ್ಲ ನೋಡಿದ ಹಾಗೆಯೇ, ಹುಬ್ಬು ಗಂಟಿಕ್ಕಿ, ಯಾರಪ್ಪಾ ಈ ಮನುಷ್ಯ ಎಂಬಂತೆ. ಕತ್ತಲಲ್ಲಿ ಅಪ್ಪನಿಗೆ ಅದು ಕಂಡಿತೋ ಇಲ್ಲವೋ. ಅಪ್ಪ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡು, ಸಿನಿಮಾ ಮುಗಿಯುವ ತನಕ ಉಸಿರನ್ನು ಹಿಡಿದು ಹಿಡಿದು ಬಿಡುತ್ತಿದ್ದರು. ಹೊರಗೆ ಬಂದ ಮೇಲೆ, "ಚೆನ್ನಾಗಿತ್ತಲ್ವಾ?" ಎಂದಷ್ಟೇ ಕೇಳಿದ್ದರು. ಚೆನ್ನಾಗಿತ್ತು ಎಂದಿದ್ದ.

ಉಸಿರು ಹಿಡಿಯುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದೆ ತುಂಬ ಎಳೆದುಕೊಂಡು, ಬಿಡುವ ಮೊದಲು ಒಂದೆರಡು ಕ್ಷಣ ತಡೆದು ನಿಲ್ಲಿಸಿದರೆ ಸಾಕು. ಅಷ್ಟು ಹೊತ್ತಿನಲ್ಲಿ ಕೊಳವೆಯ ಗಾಳಿಯೂ ತಳದ ಗಾಳಿಯೂ ತಮ್ಮಷ್ಟಕ್ಕೆ ತಾವೇ ಬೆರೆತುಕೊಳ್ಳುತ್ತವೆ. ಬೆರೆತ ಗಡಿ ಬಾಯಿಯ ಕಡೆಗೆ ಸರಿಯುತ್ತದೆ. ಯಂತ್ರದ ಕಣ್ಣಿಗೆ ಲೋಟ ಚಿಕ್ಕದಾಗಿ ಕಾಣುತ್ತದೆ. ಎದ್ದು ಬಾಗಿಲಿಗೆ ಚಿಲಕ ಹಾಕಿ ಬಂದು ಹಾಗೇ ಮಾಡಿದ. ಸ್ವಲ್ಪ ಹೆಚ್ಚು ತಡೆದ, ಸ್ವಲ್ಪ ಕಡಿಮೆ ತಡೆದ, ಎಂದಿನ ಅಂಕಿ ಬಂದು ಕೂತಿತು. ಯಂತ್ರ ಸರಿಯಾಗಿದೆ ಎಂದು ಗುರುತು ಹಾಕಿ, ಚಿಲಕ ತೆಗೆದು, ಮೊದಲನೆಯ ರೋಗಿಯನ್ನು ಒಳಗೆ ಕರೆದ. ಎಷ್ಟು ಸುಲಭವಾಗಿ ಆಗಿಹೋಯಿತೆಂದರೆ ಅಂದು ಮಧ್ಯಾಹ್ನ ಊಟವೂ ರುಚಿಯಾಗಿಯೇ ಇತ್ತು. ನಾಚಿಕೆ ಶುರುವಾದದ್ದು ಸಂಜೆ, ಮೆಟ್ಟಿಲು ಹತ್ತುವಾಗ, ಹೆಂಡತಿ ಮೇಲಿನಿಂದ ಬಗ್ಗಿ ನೋಡುತ್ತಿದ್ದಾಳೆಂದು ತಿಳಿದು ಏದುಸಿರು ಕೇಳಿಸದಂತೆ ನಿಂತು ನಿಂತು ಹತ್ತಿದಾಗ.

ಅದೇ ವಾರ ಭಾವ ಬಂದಿದ್ದ, ಹೆಂಡತಿಯ ಅಣ್ಣ. ಅಗ್ನಿಶಾಮಕ ದಳದವನು. ಬಾಗಿಲಿನಲ್ಲಿ ನಿಂತರೆ ಬಾಗಿಲು ಚಿಕ್ಕದೆನಿಸುವ ಆಳು. ಹೊಗೆ ತುಂಬಿದ ಮನೆಯಿಂದ ಮುಖವಾಡ ಹಾಕಿಕೊಂಡು ಮನುಷ್ಯರನ್ನು ಹೆಗಲ ಮೇಲೆ ಹೊತ್ತು ತಂದವನು. ಮನೆಗೆ ಬಂದಾಗೆಲ್ಲ ಇವನ ಬೆನ್ನಿಗೊಂದು ಗುದ್ದಿ, "ಏನಪ್ಪಾ ಉಸಿರಿನ ಮೇಷ್ಟ್ರೇ, ಇವತ್ತು ಎಷ್ಟು ಜನರ ಗಾಳಿ ಬಿಡಿಸ್ದೆ?" ಎಂದು ಎಲ್ಲರನ್ನೂ ನಗಿಸುತ್ತಿದ್ದ. ಇವನೂ ನಗುತ್ತಿದ್ದ. ಬೆನ್ನು ಉರಿಯುತ್ತಿತ್ತು. ದಳದವರಿಗೆ ವರ್ಷಕ್ಕೊಂದು ಪರೀಕ್ಷೆ, ಅದಕ್ಕೆ ಬಂದಿದ್ದ. ಕ್ಲಿಪ್ಪು ಹಾಕಿದಾಗ "ಮದುವೆ ಗಂಡಿನ ಹಾಗೆ ಕಾಣ್ತಿದೀನಾ?" ಎಂದು ಮೂಗಿನಲ್ಲಿ ಕೇಳಿದ. ಎಳೀರಿ, ಎಳೀರಿ, ಎಳೀರಿ, ಬಿಡಿ. ಅಂಕಿ ದೊಡ್ಡದು ಬಂತು. ಮತ್ತೆ ಮಾಡಿಸಿದ. ದೊಡ್ಡದೇ. ಆ ಹೊತ್ತಿನಲ್ಲಿ ತನ್ನೊಳಗೆ ಏನು ಆಯಿತೋ ಅದನ್ನು ಅವನು ಆಮೇಲೆ ಎಷ್ಟೋ ಸಲ ಮಗುಚಿ ಹಾಕಿ ನೋಡಿದ, ಬೇರೆ ಹೆಸರು ಸಿಗುವುದೇನೋ ಎಂದು. ಸಿಗಲಿಲ್ಲ. ಅದು ಸಂತೋಷವೇ. ಓ, ನೀನೂನಾ, ಎಂಬ ಒಂದು ಚಿಕ್ಕ ಬೆಚ್ಚನೆಯ ಸಂತೋಷ. ಗಟ್ಟಿಮುಟ್ಟಾದ ಮನುಷ್ಯನಿಗೆ ಹೀಗೇಕೆ ಬಂತು ಎಂದು ಯೋಚಿಸಬೇಕಾಗಿದ್ದ ತಲೆ ಆ ಬೆಚ್ಚಗಿನದರಲ್ಲಿ ಸುಮ್ಮನೆ ಕೂತುಬಿಟ್ಟಿತು. ಉಳಿದ ರೋಗಿಗಳ ವಿಷಯದಲ್ಲಿ ಅನುಮಾನಕ್ಕೆ ಕಾರಣವೇ ಇರಲಿಲ್ಲ. ಕಾಯಿಲೆಯವರ ಅಂಕಿ ಕೆಟ್ಟದಾಗಿ ಬಂದರೆ ಯಾರು ಹುಬ್ಬೇರಿಸುತ್ತಾರೆ. ಡಾಕ್ಟರಮ್ಮ ಭಾವನ ಅಂಕಿ ನೋಡಿ, ಇನ್ನೊಮ್ಮೆ ಪರೀಕ್ಷೆ ಆಗುವ ತನಕ ಬೆಂಕಿಯ ಕೆಲಸ ಬೇಡ ಎಂದು ಬರೆದರು. ಭಾವನನ್ನು ಠಾಣೆಯಲ್ಲಿ ಫೋನಿನ ಮುಂದೆ ಕೂರಿಸಿದರು.

"ರೀ, ಅಣ್ಣನ್ನ ಒಂದ್ಸಲ ನೋಡ್ಕೊಂಡು ಬರಬಾರದಾ?" ಎಂದು ಇವತ್ತು ಬೆಳಿಗ್ಗೆ ಹೆಂಡತಿ ಕೇಳಿದ್ದಳು. "ಫೋನಲ್ಲಿ ಏನೋ ನಗ್ತಾನೆ. ಅದು ಅವನ ನಗು ಅಲ್ಲ. ನಿನ್ನೆ ಗೋದಾಮಿಗೆ ಬೆಂಕಿ ಬಿತ್ತಂತೆ, ಫೋನೆತ್ತಿದ್ದು ಇವನೇ. ಎಲ್ಲಾರೂ ಗಾಡಿ ಹತ್ತಿ ಹೋದ್ರಂತೆ. ಆಮೇಲೆ ಇವನೊಬ್ನೇ ಕೂತು ರೇಡಿಯೋದಲ್ಲಿ ಅವರ ಮಾತು ಕೇಳ್ತಿದ್ನಂತೆ." ಅವನು ಹೂಂ ಎಂದಿದ್ದ. "ಹೂಂ ಅಂದ್ರೆ ಹೋಗ್ತೀರೋ, ಸುಮ್ನೆ ಹೂಂನೋ?" ಎಂದಳು. ಅದಕ್ಕೂ ಅವನು ಹೂಂ ಎಂದ.

ಇವತ್ತಿನ ಅಂಕಿಯನ್ನೂ ಎಂದಿನದಕ್ಕೆ ತಂದು ಗುರುತು ಹಾಕುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಕ್ಲಿಪ್ಪು ಕಿತ್ತು, ಚಿಲಕ ತೆಗೆದ. ಡಾಕ್ಟರಮ್ಮ, ಹಿಂದೆ ಇಬ್ಬರು ವಿದ್ಯಾರ್ಥಿಗಳು, ಅವರ ಹಿಂದೆ ಗಾಡಿಯ ಮೇಲೊಂದು ಗಿಡ್ಡ ಸಿಲಿಂಡರು.

"ಚಿಲಕ ಯಾಕೆ?"

"ಗಾಳಿ ಆಡುತ್ತೆ ಮೇಡಮ್."

"ಉಸಿರಿನ ಕೋಣೆಯಲ್ಲಿ ಗಾಳಿ ಆಡಬಾರದಾ?" ಎಂದು ನಕ್ಕರು. ವಿದ್ಯಾರ್ಥಿಗಳೂ ನಕ್ಕರು. "ಸೋಮವಾರದ್ದು ಆಯ್ತಾ?"

"ಆಯ್ತು ಮೇಡಮ್."

"ಎಂದಿನ ಹಾಗೇ?"

"ಎಂದಿನ ಹಾಗೇ."

"ನೋಡಿ, ಇವರೇ ನಮ್ಮ ನಾರ್ಮಲ್," ಎಂದು ಅವನ ಹೆಗಲ ಮೇಲೆ ಕೈಯಿಟ್ಟು ವಿದ್ಯಾರ್ಥಿಗಳಿಗೆ ತೋರಿಸಿದರು. "ಯಂತ್ರ ಸುಳ್ಳು ಹೇಳಬಹುದು, ಇವರು ಹೇಳಲ್ಲ." ಹೆಗಲು ತಾನಾಗಿ ಕುಗ್ಗಿತು. ಸಿಲಿಂಡರಿನಲ್ಲಿ ಎರಡು ಅನಿಲಗಳು ಚೂರು ಚೂರು ಬೆರೆತಿದ್ದವು. ಒಂದು ಬಲೂನಿಗೆ ತುಂಬುವ ಹೀಲಿಯಮ್. ಇನ್ನೊಂದು ಗಾಳಿಗಿಂತ ಐದು ಪಟ್ಟು ತೂಕದ್ದು. "ಹಗುರದ್ದು ಚುರುಕು. ಒಳಗೆ ಹೋದ ತಕ್ಷಣ ಹರಡಿಕೊಂಡು ಬೆರೆತುಬಿಡುತ್ತೆ. ಭಾರದ್ದು ಸೋಮಾರಿ, ನೂಕಿದಷ್ಟು ದೂರ ಹೋಗಿ ಅಲ್ಲೇ ನಿಲ್ಲುತ್ತೆ. ಹಾಗಾಗಿ ಒಂದೇ ಉಸಿರಲ್ಲಿ ಎರಡನ್ನೂ ಕಳಿಸಿದ್ರೆ ಹಗುರದ್ದು ಹೇಳೋ ಡೆಡ್ ಸ್ಪೇಸ್ ಚಿಕ್ಕದು, ಭಾರದ್ದು ಹೇಳೋದು ದೊಡ್ಡದು. ಮನುಷ್ಯ ಒಬ್ಬನೇ, ಗಂಟಲು ಒಂದೇ. ಇವರದ್ದು ಹೋದ ವರ್ಷ ಮಾಡಿದ್ದಿದೆ, ಹೋಲಿಸಿ ನೋಡೋಣ."

ಅವನು ಸಿಲಿಂಡರಿನತ್ತ ನೋಡಿದ. ತಡೆದ ಉಸಿರು ಹಗುರವಾದ ಗಾಳಿಯನ್ನು ಎಷ್ಟು ಬೇಕಾದರೂ ಬಗ್ಗಿಸಬಹುದು. ಭಾರದ್ದು ಅಷ್ಟು ಬೇಗ ಕರಗುವುದಿಲ್ಲ. ಇಬ್ಬರು ಸಾಕ್ಷಿಗಳನ್ನು ಒಟ್ಟಿಗೆ ಕರೆದು ಕೂರಿಸಿದ ಹಾಗಾಯಿತು, ಒಬ್ಬನಿಗೆ ಮಾತ್ರ ಹೇಳಿಕೊಟ್ಟಿದ್ದಾನೆ. ತಲೆನೋವು ಎನ್ನಲೇ? ಕೆಮ್ಮಲೇ? ಕೆಮ್ಮಿದರೆ ಅಪ್ಪನ ಕೆಮ್ಮೇ ಬಂದೀತು ಎಂದು ಅದನ್ನೂ ಬಿಟ್ಟ. ಕೂತ. ವಿದ್ಯಾರ್ಥಿಗಳು ಅವನ ಎದೆಯನ್ನೇ ನೋಡುತ್ತಿದ್ದರು, ಅಂಗಿಯ ಎರಡನೆಯ ಗುಂಡಿ ಬೇರೆ ಬಣ್ಣದ್ದು ಎಂಬುದು ಅವರಿಗೆ ಕಾಣುತ್ತಿರಬೇಕು. ಎಳೆದುಕೊಂಡ. ತಡೆಯಬಾರದು ಎಂದು ಮನಸ್ಸು ಹೇಳಿತು, ಗಂಟಲು ತಡೆಯಿತು. ಬಿಟ್ಟ.

ಡಾಕ್ಟರಮ್ಮ ಪರದೆಯ ಮೇಲಿನ ಎರಡು ಅಂಕಿಗಳ ಮೇಲೆ ಬೆರಳಿಟ್ಟರು. ಆಮೇಲೆ ಮೆತ್ತಗೆ, "ತಡೆದ್ರಿ ಅಲ್ವಾ?" ಎಂದರು.

"ಇಲ್ಲ ಮೇಡಮ್."

"ತಡೆದ್ರಿ. ಹಗುರದ್ದು ಹೋದ ವರ್ಷದ ಹಾಗೇ ಇದೆ, ಭಾರದ್ದು ಮೇಲಿದೆ. ಹಗುರದ್ದು ನಿಮ್ಮ ಪರವಾಗಿ ಮಾತಾಡ್ತಿದೆ, ಭಾರದ್ದು ಒಪ್ತಾ ಇಲ್ಲ." ವಿದ್ಯಾರ್ಥಿಗಳಲ್ಲಿ ಒಬ್ಬಳು ಕಿಸಕ್ಕೆಂದಳು. "ಪರವಾಗಿಲ್ಲ, ಜನ ನೋಡ್ತಿದ್ರೆ ಯಾರಿಗಾದ್ರೂ ಹಾಗಾಗುತ್ತೆ. ಇನ್ನೊಂದ್ಸಲ. ಎಳೀರಿ, ಎಳೀರಿ, ಎಳೀರಿ, ತಕ್ಷಣ ಬಿಡಿ." ಅವನದೇ ಮಾತು, ಅವನದೇ ರಾಗ. ಈ ರಾಗಕ್ಕೆ ಎಷ್ಟು ಜನ ಇದೇ ಕುರ್ಚಿಯಲ್ಲಿ ಕೂತು ಬೆಚ್ಚಿದ್ದರು ಎಂಬುದು ಈಗ ಎದೆಗೆ ತಾಗಿತು. ಎಳೆದು, ತಕ್ಷಣ ಬಿಟ್ಟು, ಕಣ್ಣು ಮುಚ್ಚಿಕೊಂಡ. ಇನ್ನು ಅವರು ಹೇಳುತ್ತಾರೆ. ಹೆಗಲ ಮೇಲೆ ಮತ್ತೆ ಕೈಯಿಡುತ್ತಾರೆ, ಆದರೆ ಬೇರೆ ಥರ.

ಯಾರೂ ಕೈಯಿಡಲಿಲ್ಲ. ಕಣ್ಣು ಬಿಟ್ಟಾಗ ಡಾಕ್ಟರಮ್ಮ ಕ್ಲಿಪ್ಪನ್ನು ಒರೆಸಿ ತಮ್ಮ ಮೂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಏಳಿ ಎಂದು ಸನ್ನೆ ಮಾಡಿ, ತಾವು ಕೂತು, ಹೊಸ ಫಿಲ್ಟರಿಗೆ ಬಾಯಿಯಿಟ್ಟು ಉಸಿರಾಡಿದರು. ಅವರದೂ ಮೇಲೆ. ಕಿಸಕ್ಕೆಂದ ಹುಡುಗಿಯನ್ನು ಕೂರಿಸಿದರು. ಅವಳದೂ ಮೇಲೆ. "ಎಲ್ಲರಿಗೂ ಒಂದೇ ಸಮ ಜಾಸ್ತಿ," ಎಂದು ಕ್ಲಿಪ್ಪಿನ ಗುರುತು ಬಿದ್ದ ಮೂಗನ್ನು ಉಜ್ಜಿಕೊಳ್ಳುತ್ತ ಕೊಳವೆಯ ಬಾಯಿಯನ್ನು ಬಿಚ್ಚಿದರು. "ಇದೇನಿದು, ನೀಲಿ? ನಮ್ಮದು ಬಿಳೀದಲ್ವಾ?" ಮೇಜಿನ ಖಾನೆಯ ತಳದಲ್ಲಿ ಹಳೆಯದೊಂದು ಬಿಳಿ ಫಿಲ್ಟರು ಸಿಕ್ಕಿತು. ಎರಡನ್ನೂ ಪಕ್ಕ ಪಕ್ಕ ಹಿಡಿದರು. ನೀಲಿಯದಕ್ಕೆ ಹೊಟ್ಟೆ ಬಂದಿತ್ತು. "ನೋಡಿ, ಯಂತ್ರ ಇನ್ನೂ ಬಿಳೀದರ ಹೊಟ್ಟೆಯನ್ನೇ ಲೆಕ್ಕದಿಂದ ಕಳೀತಿದೆ. ಇದರ ಹೊಟ್ಟೆ ದೊಡ್ಡದು. ಮಿಕ್ಕಿದ್ದೆಲ್ಲ ನಮ್ಮ ಗಂಟಲಿಗೆ ಸೇರಿಸ್ತಿದೆ."

ಅಂದರೆ ತನಗೆ ಏನೂ ಆಗಿಲ್ಲ. ಇದು ತಿಳಿದ ಕ್ಷಣ ಅವನ ಉಸಿರು, ಎಷ್ಟೋ ದಿನದ ಮೇಲೆ, ತಳದ ತನಕ ಇಳಿಯಿತು. ಪಕ್ಕೆಗಳು ಬಿಚ್ಚಿಕೊಂಡವು. ನಗು ಬಂತು, ವಿದ್ಯಾರ್ಥಿಗಳ ಜೊತೆ ಸೇರಿ ನಕ್ಕೇಬಿಟ್ಟ. ನನ್ನದಲ್ಲ, ಅಪ್ಪಾ, ನನ್ನದಲ್ಲ. ಆ ನಗು ಇನ್ನೂ ತುಟಿಯ ಮೇಲಿರುವಾಗ ಮೂಗಿಗೆ ಕ್ಲಿಪ್ಪು ಹಾಕಿಕೊಂಡ ಭಾವನ ಮುಖ ಕಣ್ಣೆದುರಿಗೆ ಬಂತು.

"ಬೆಳಿಗ್ಗೆ ನಿಮ್ಮದು ಎಂದಿನ ಹಾಗೇ ಬಂದಿದೆ," ಎಂದು ಡಾಕ್ಟರಮ್ಮ ಗಟ್ಟಿಯಾಗಿ ಯೋಚಿಸುತ್ತಿದ್ದರು. "ಅಂದ್ರೆ ಆಗ ಬಿಳೀದು ಇತ್ತು. ಆಮೇಲೆ ಬದಲಾಗಿದೆ. ಈ ಡಬ್ಬ ಇವತ್ತೇ ಒಡೆದದ್ದಾ?"

ಹೇಳಬೇಕಾದ್ದು ಏನೆಂದು ಅವನಿಗೆ ಗೊತ್ತಿತ್ತು. ಮಗ್ಗಿಯಷ್ಟು ಸರಳವಾಗಿತ್ತು. ಇವತ್ತು ಎಂದರೆ ತಪ್ಪು ಇವತ್ತಿನದು; ಮೂರು ವಾರದಿಂದ ಈ ಕುರ್ಚಿಯಲ್ಲಿ ಕೂತು ಎದ್ದು ಹೋದವರ ಅಂಕಿಗಳೆಲ್ಲ ಹಾಗೆಯೇ ಉಳಿಯುತ್ತವೆ, ಭಾವ ಫೋನಿನ ಮುಂದೆಯೇ ಉಳಿಯುತ್ತಾನೆ. ಇವತ್ತಲ್ಲ ಎಂದರೆ ನಾಲ್ಕು ಸೋಮವಾರ ಈ ಚಿಲಕದ ಹಿಂದೆ ಏನು ಮಾಡುತ್ತಿದ್ದೆ ಎಂದು ಹೇಳಬೇಕಾಗುತ್ತದೆ, ಈ ಹುಡುಗಿಯ ಎದುರಿಗೆ.

"ಹೂಂ," ಎಂದ. ಆ ಹೂಂಗೆ ಗಂಟಲಿನಲ್ಲಿದ್ದ ಗಾಳಿಯೇ ಸಾಕಾಯಿತು.

"ಸದ್ಯ, ಬದುಕಿದ್ವಿ," ಎಂದರು ಡಾಕ್ಟರಮ್ಮ. "ಯಾರಿಗೂ ಏನೂ ಆಗಿಲ್ಲ."

ಊಟದ ಹೊತ್ತಿಗೆ ಅವನು ಹೊರಗೆ ಬಿದ್ದ. ಊಟ ಬೇಕಿರಲಿಲ್ಲ. ಬೀದಿಯಲ್ಲಿ ಬಿಸಿಲಿತ್ತು, ಚಪ್ಪಲಿ ಹೊಲಿಯುವವನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಮೂಗಿನಲ್ಲಿ ಹಾಡುತ್ತಿದ್ದ, ಹಣ್ಣಿನ ಗಾಡಿಯ ಹೆಂಗಸು ಯಾರೊಡನೆಯೋ ಜಗಳವಾಡುತ್ತ ಒಂದೇ ಉಸಿರಿಗೆ ಅವರ ವಂಶವನ್ನೆಲ್ಲ ತೊಳೆದು ಹಾಕುತ್ತಿದ್ದಳು. ಎಲ್ಲರೂ ಎಷ್ಟು ಧಾರಾಳವಾಗಿ ಉಸಿರಾಡುತ್ತಾರೆ ಎಂದು ಹೊಟ್ಟೆಕಿಚ್ಚಾಯಿತು. ಭಾವನಿಗೆ ಇನ್ನೊಂದು ಪರೀಕ್ಷೆ ಹೇಗೂ ಇದೆಯಲ್ಲ, ಬಿಳಿ ಫಿಲ್ಟರಿನಲ್ಲಿ ತೇರ್ಗಡೆಯಾಗುತ್ತಾನೆ, ಎಲ್ಲ ಸುಖಾಂತ, ಯಾರಿಗೆ ಏನು ನಷ್ಟ ಎಂದು ಕಾಲುಗಳು ನಡೆಯುತ್ತಿದ್ದ ಹಾಗೆಯೇ ತಲೆ ಲೆಕ್ಕ ಹಾಕಿತು. ಲೆಕ್ಕ ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದರಿಂದಲೇ ಅದು ಅಸಹ್ಯವೆನಿಸಿತು. ಅಗ್ನಿಶಾಮಕ ಠಾಣೆಯ ಗೇಟು ಬಂತು. ಒಳಗೆ ಇಬ್ಬರು ಕೆಂಪು ಗಾಡಿ ತೊಳೆಯುತ್ತಿದ್ದರು. ಪೈಪಿನ ನೀರು ತಗಡಿನ ಮೇಲೆ ಬಿದ್ದು ದೊಡ್ಡ ಸದ್ದು ಮಾಡುತ್ತಿತ್ತು. ಅವರಾಚೆ, ಗಾಜಿನ ಕಿಟಕಿಯ ಹಿಂದೆ, ಫೋನಿನ ಮೇಜಿನ ಹತ್ತಿರ ಭಾವ ಕೂತಿದ್ದ. ಮೇಜು ಅವನಿಗೆ ಚಿಕ್ಕದಾಗಿತ್ತು, ಮೊಣಕಾಲು ಹೊರಗೆ ಚಾಚಿತ್ತು.

"ಓಹೋ, ಉಸಿರಿನ ಮೇಷ್ಟ್ರು! ಬಾ ಬಾ. ನನ್ನ ಹೊಸ ಗಾಡಿ ನೋಡಿದ್ಯಾ?" ಎಂದು ಕುರ್ಚಿಯನ್ನು ಎಡಕ್ಕೂ ಬಲಕ್ಕೂ ಉರುಳಿಸಿ ತೋರಿಸಿದ. "ಚಕ್ರ ಇದೆ. ಸೈರನ್ ಒಂದು ಇಲ್ಲ." ಹೆಂಡತಿ ಹೇಳಿದ್ದು ನಿಜ, ಅದು ಅವನ ನಗುವಲ್ಲ. ಗೋಡೆಯ ಮೇಲೆ ಭಾವನ ಕೋಟು ತೂಗುತ್ತಿದ್ದ ಗೂಟಕ್ಕೆ ಬೇರೆ ಯಾರದೋ ಕೋಟು ಬಂದಿತ್ತು. "ಕೂತ್ಕೋ, ನಿನಗೊಂದು ತೋರಿಸ್ಬೇಕು. ನೀನು ಹೇಳ್ಕೊಟ್ಟ ಹಾಗೇ ಮಾಡ್ತಿದೀನಿ. ಬೆಳಿಗ್ಗೆ, ಸಂಜೆ. ನೋಡು ಬೇಕಾದ್ರೆ." ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡು, ತಡೆದ. ಕತ್ತಿನ ನರ ಉಬ್ಬಿತು. ಮುಖ ಕೆಂಪಾಯಿತು. ಫಲಿತಾಂಶ ಬಂದ ದಿನ ಇವನೇ ಮರುಕಪಟ್ಟುಕೊಂಡು ಆ ತಂತ್ರವನ್ನು ಭಾವನಿಗೂ ಕಲಿಸಿಬಿಟ್ಟಿದ್ದ. ಆಗ ಅದು ಔದಾರ್ಯದ ಹಾಗೆ ಕಂಡಿತ್ತು. ಭಾವ ಕೊನೆಗೆ ಫುಸ್ಸೆಂದು ಬಿಟ್ಟು, ಒಂದು ಕಣ್ಣು ತೆರೆದು, "ಈ ಸಲ ಪಾಸಾಗ್ತೀನಾ?" ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ.

"ಭಾವ," ಎಂದ ಅವನು. "ನಿಮಗೇನೂ ಆಗಿಲ್ಲ."

"ಅದನ್ನೇ ನಾನೂ ಎಲ್ಲರಿಗೂ ಹೇಳ್ತಿರೋದು."

"ಅಲ್ಲ ಭಾವ. ನಿಜವಾಗ್ಲೂ ಆಗಿಲ್ಲ. ಫಿಲ್ಟರು ಬದಲಾಗಿತ್ತು. ನನಗೂ ಜಾಸ್ತಿ ಬಂತು. ನನ್ನ ಎದೆಯೇ ಕೆಟ್ಟಿದೆ ಅಂದ್ಕೊಂಡೆ. ಯಾರಿಗೂ ತಿಳಿಯಬಾರದು ಅಂತ ಉಸಿರು ತಡೆದು ಅಂಕಿ ಸರಿಮಾಡಿದೆ. ನಿಮ್ಮನ್ನ ಕೂರಿಸೋದಕ್ಕೆ ಮೊದಲೇ." ಇಷ್ಟನ್ನು ಹೇಳುವುದರಲ್ಲಿ ಅವನಿಗೆ ಮಾತಿಗೊಮ್ಮೆ ಉಸಿರು ಬೇಕಾಯಿತು. ಭಾವ ಅರ್ಥವಾಗದೆ ನೋಡಿದ. ಅವನು ಬಿಳಿ, ನೀಲಿ, ಹೊಟ್ಟೆ ಎಂದು ಕೈಯಲ್ಲಿ ತೋರಿಸಿ ಮತ್ತೊಮ್ಮೆ ಹೇಳಿದ. ಬೈಗುಳಕ್ಕೆ ಮೈಯೊಡ್ಡಿ ನಿಂತ. ಗುದ್ದಿದರೂ ಒಳ್ಳೆಯದೇ, ಬೆನ್ನು ಸಿದ್ಧವಾಗಿತ್ತು.

"ಅಂದ್ರೆ," ಎಂದು ಭಾವ ಮುಂದಕ್ಕೆ ಬಾಗಿದ, "ನಿನಗೂ ಏನೂ ಇಲ್ಲ ಅಲ್ವಾ?"

"ಇಲ್ಲ."

"ಖಂಡಿತ?"

"ಖಂಡಿತ."

"ಅಬ್ಬಾ!" ಎಂದು ಭಾವ ಕುರ್ಚಿಗೆ ಒರಗಿದ. ಈಗ ಬಂದದ್ದು ಅವನದೇ ನಗು. "ನನ್ನ ತಂಗಿ ಒಣಗಿ ಹೋಗಿದಾಳೆ ಮಾರಾಯ. ನಿಮ್ಮಪ್ಪನ ಹಾಗೆ ಆಗುತ್ತೇನೋ ಅಂತ. ನೀನು ನಿದ್ದೆ ಮಾಡುವಾಗ ಪಕ್ಕದಲ್ಲಿ ಕೂತು ನಿನ್ನ ಉಸಿರು ಎಣಿಸ್ತಾಳಂತೆ. ನಿನಗೆ ಹೇಳಬೇಡ ಅಂದಿದ್ಲು, ಹೇಳಿದ್ರೆ ನಾಚ್ಕೋತಾರೆ ಅಂತ."

ಅವನು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡ. ಓ, ನೀನೂನಾ, ಎಂದು ಅಂದು ತನ್ನೊಳಗೆ ಬೆಚ್ಚಗಾದದ್ದು ಈಗ ಈ ಮುಖದ ಎದುರಿಗೆ ನೆನಪಾಯಿತು. ಅದನ್ನೂ ಹೇಳಿಬಿಡಬೇಕು ಎನಿಸಿತು. ಅದಕ್ಕೆ ಮಾತಿರಲಿಲ್ಲ; ಇದ್ದರೂ ಅದನ್ನು ಕೇಳಿ ಭಾವ ಏನು ಮಾಡಬೇಕು? ಅದು ತನ್ನ ಪಾಲಿನದು, ಒಳಗೇ ಇರಲಿ ಎಂದು ನುಂಗಿಕೊಂಡ. ಭಾವನ ನಗು ನಿಧಾನವಾಗಿ ಇಳಿಯುತ್ತಿತ್ತು. ಅವನು ಯೋಚಿಸುತ್ತಿದ್ದ. ಕಣ್ಣು ಗೋಡೆಯ ಮೇಲಿನ ಗೂಟಕ್ಕೆ ಹೋಗಿ, ಗಾಡಿ ತೊಳೆಯುವವರ ಕಡೆಗೆ ಹೋಗಿ, ಇವನ ಮೇಲೆ ಬಂದು ನಿಂತಿತು.

"ನಿನಗೆ ಗೊತ್ತಿತ್ತು, ಏನೋ ಸರಿ ಇಲ್ಲ ಅಂತ. ಆದ್ರೂ ನನ್ನ ಕೂರಿಸಿ ಊದಿಸ್ದೆ."

"ಹೂಂ."

"ನನ್ನ ಹಾಗೆ ಇನ್ನೆಷ್ಟು ಜನರನ್ನ ಕೂರಿಸಿದೀಯ?"

ಆಸ್ಪತ್ರೆಯಿಂದ ಇಲ್ಲಿಯ ತನಕ ನಡೆದು ಬರುವಾಗ ಅವನು ಭಾವನೊಬ್ಬನನ್ನೇ ನೆನೆದಿದ್ದ. ಈಗ ಉಳಿದವರು ಒಬ್ಬೊಬ್ಬರಾಗಿ ಬಂದರು. ಆಪರೇಷನ್ನಿಗೆ ದಿನ ಗೊತ್ತಾಗಿದ್ದ ಟೀಚರು, ನಿಮ್ಮ ಎದೆ ತಡೆಯುವುದಿಲ್ಲ ಎಂದು ಮುಂದಕ್ಕೆ ಹಾಕಿದಾಗ ಕುರ್ಚಿಯಿಂದ ಏಳುವುದನ್ನೇ ಮರೆತು ಕೂತಿದ್ದವರು. ಮಗಳ ತೋಳು ಹಿಡಿದು ಬಂದಿದ್ದ ದರ್ಜಿ. ಇವನು ಕೈ ಮೇಲೆ ಕೆಳಗೆ ಆಡಿಸಿ ಪಾಠ ಹೇಳಿದಾಗ ಹೌದು ಸಾರ್ ಹೌದು ಸಾರ್ ಎಂದು ತಪ್ಪೊಪ್ಪಿಕೊಂಡವರ ಹಾಗೆ ತಲೆ ತಗ್ಗಿಸಿದವರು. ಇಲ್ಲದ ತಪ್ಪು.

"ಡಾಕ್ಟರಿಗೆ ಹೇಳಿದ್ಯಾ?"

"ಇಲ್ಲ. ಡಬ್ಬ ಇವತ್ತೇ ಒಡೆದದ್ದು ಅಂದೆ."

ಭಾವ ಕುರ್ಚಿಯನ್ನು ಮೇಜಿಗೆ ಸರಿಸಿಕೊಂಡ. ಆಮೇಲೆ ಮೇಜಿನ ಮೇಲಿದ್ದ ಎರಡು ಫೋನುಗಳಲ್ಲಿ ಒಂದನ್ನು ಎಳೆದು ಅವನ ಮುಂದೆ ಇಟ್ಟ. "ಮಾಡು."

"ಇದು ಬೆಂಕಿಯ ಫೋನಲ್ವಾ?"

"ಅದು ಆ ಕಡೆಯದು. ಮಾಡು ಅಂದ್ನಲ್ಲ."

ಅವನು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಬೆರಳಿಗೆ ನಂಬರು ಅಭ್ಯಾಸವಾಗಿತ್ತು. ಆ ಕಡೆ ಡಾಕ್ಟರಮ್ಮನೇ ಎತ್ತಿದರು. "ಹಲೋ, ಯಾರು?" ಇಷ್ಟು ವರ್ಷ ಹೇಳಿಕೊಂಡು ಬಂದ ಹೆಸರು ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಹೊರಡಲಾರದೆ ನಿಂತಿತು. "ನಾನು ಮೇಡಮ್," ಎಂದ. "ಡಬ್ಬ..." ಹೊರಗೆ ನೀರಿನ ಸದ್ದು. "ಕೇಳಿಸ್ತಿಲ್ಲ, ಯಾರ್ರೀ ಅದು? ಜೋರಾಗಿ ಮಾತಾಡಿ," ಎಂದರು ಡಾಕ್ಟರಮ್ಮ. ಇಟ್ಟುಬಿಡಬಹುದಾಗಿತ್ತು. ಭಾವ ಎದ್ದು, ಕಿಟಕಿ ತಳ್ಳಿ, "ನೀರು ನಿಲ್ಲಿಸ್ರೋ!" ಎಂದು ಇಡೀ ಠಾಣೆಗೆ ಕೇಳುವಂತೆ ಕೂಗಿದ. ನೀರು ನಿಂತಿತು. ಎಲ್ಲ ನಿಶ್ಶಬ್ದವಾಯಿತು. ಅವನು ಎಳೆದುಕೊಂಡ, ಈ ಸಲ ತಡೆಯಲಿಲ್ಲ.

"ಡಬ್ಬ ಒಡೆದದ್ದು ಇವತ್ತಲ್ಲ ಮೇಡಮ್. ಮೂರು ವಾರ ಆಯ್ತು. ಪ್ರತಿ ಸೋಮವಾರ ನಾನು ಉಸಿರು ತಡೆದು ಸುಳ್ಳು ಅಂಕಿ ಕೊಟ್ಟಿದೀನಿ."

ತೀರಾ ಜೋರಾಗಿಯೇ ಬಂದಿತ್ತು ಮಾತು. ಪೈಪು ಹಿಡಿದವನು ತಿರುಗಿ ನೋಡಿದ. ಗಾಡಿಯ ಮೇಲಿದ್ದವನು ನೋಡಿದ. ಒಳಗಿನಿಂದ ಇನ್ನಿಬ್ಬರು ಹೊರಗೆ ಬಂದು ನಿಂತು, ಹುಬ್ಬು ಗಂಟಿಕ್ಕಿ, ಯಾರಪ್ಪಾ ಈ ಮನುಷ್ಯ ಎಂಬಂತೆ ನೋಡಿದರು. ಅವನು ಭಾವನ ಕಡೆಗೆ ನೋಡಲಿಲ್ಲ. ಭಾವನ ಮುಖ ಈಗ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು, ಕತ್ತಲ ಚಿತ್ರಮಂದಿರದಲ್ಲಿ ಅಪ್ಪನ ಪಕ್ಕ ಕೂತು ಅಂಥದೇ ಒಂದು ಮುಖವನ್ನು ಅವನೇ ಮಾಡಿದ್ದ. ಚಕ್ರಗಳು ನೆಲದ ಮೇಲೆ ಕಿರುಗುಟ್ಟಿದವು. ಭಾವ ಕುರ್ಚಿಯನ್ನು ಉರುಳಿಸಿಕೊಂಡು ಬಂದು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಲ್ಲಿಸಿ, ನೋಡುತ್ತಿದ್ದವರ ಕಡೆಗೆ ಮುಖ ಮಾಡಿ ಕೂತ. ಫೋನಿನಲ್ಲಿ ಡಾಕ್ಟರಮ್ಮ ಕೇಳುತ್ತಿದ್ದರು, "ಯಾರ್ಯಾರಿಗೆ ಮಾಡಿದೀರಿ, ಹೇಳಿ." ಅವನು ಹೇಳತೊಡಗಿದ, ಭಾವನಿಂದ ಶುರುಮಾಡಿ.